ನಾನು ಮುಚ್ಚಿಟ್ಟ ಗೆಣಸಿನ ಚಿತ್ರ

ಸಾವಿತ್ರಿಯವರೇ, ನಿಮ್ಮ ಮಾವನವರಿಗೆ ವಿಷವೇರಿದ್ದು ನಿಮ್ಮ ಅಡುಗೆಯ ತಪ್ಪಿನಿಂದಲ್ಲ — ನನ್ನ ಸುಳ್ಳಿನಿಂದ. ಹದಿನೈದು ವರ್ಷ ಈ ಮಾತನ್ನು ನುಂಗಿಕೊಂಡಿದ್ದೆ. ಇನ್ನು ನುಂಗಲಾರೆ.

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ನಾನು ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಕಾಡುಗೆಣಸಿನ ಕಹಿಯ ಬಗ್ಗೆ ಕೆಲಸ ಮಾಡುತ್ತಿದ್ದೆ. ಎನ್. ಬೇಗೂರಿನಲ್ಲಿ ನನಗೆ ಗೆಣಸು ಅಗೆದು ಕೊಟ್ಟವರು ನಿಮ್ಮ ಅತ್ತೆ ಚಿಕ್ಕತಾಯಮ್ಮನವರು. ಕೊಡುವಾಗಲೇ ಹೇಳಿದ್ದರು — "ಸಿಪ್ಪೆ ತಗುದ್ರೆ ಸಾಲ್ದು ಕಣವ್ವ. ನಡುಮಧ್ಯನೂ ಇಸ ಅದೆ. ಬಿಲ್ಲೆ ಮಾಡಿ ಮೂರು ದಿನ ಅರಿಯೋ ನೀರ್ಗೆ ಆಕ್ಬೇಕು." ಬರೆದುಕೊಂಡೆ. ನಂಬಲಿಲ್ಲ.

ಗೆಣಸಿನ ಬಿಲ್ಲೆಗಳನ್ನು ಕೂದಲೆಳೆಗಿಂತ ತೆಳ್ಳಗೆ ಕೊಯ್ದು ಬೆಂಗಳೂರಿನ ಇನ್ನೊಂದು ಲ್ಯಾಬಿಗೆ ಒಯ್ದೆ. ಅಲ್ಲಿನ ಯಂತ್ರ ಬಿಲ್ಲೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಲೇಸರ್ ಹಾಯಿಸುತ್ತದೆ. ಪ್ರತಿ ಚುಕ್ಕೆಯಿಂದ ಎದ್ದ ಅಣುಗಳನ್ನು ತೂಗಿ, ಯಾವ ರಾಸಾಯನಿಕ ಎಲ್ಲಿದೆಯೆಂದು ಬಣ್ಣದ ನಕ್ಷೆ ಬಿಡಿಸುತ್ತದೆ. ಸಿಪ್ಪೆಯ ಕೆಳಗೆ ವಿಷದ ಕೆಂಪು ಉಂಗುರ ಮೂಡಿತು, ನಾವು ಊಹಿಸಿದ್ದಂತೆಯೇ. ಆದರೆ ನಟ್ಟನಡುವೆಯೂ ಒಂದು ಕೆಂಪು ಮಚ್ಚೆ —

ಕೊಯ್ಯುವಾಗ ರಸ ಹರಡಿರಬೇಕು ಎಂದುಕೊಂಡೆ. ಇನ್ನೊಮ್ಮೆ ನೋಡಬಹುದಿತ್ತು. ಆದರೆ ಯಂತ್ರದ ಸರದಿಗೆ ಎರಡು ತಿಂಗಳು ಕಾಯಬೇಕು. 'ಸಿಪ್ಪೆ ದಪ್ಪಗೆ ತೆಗೆದು ಚೆನ್ನಾಗಿ ಬೇಯಿಸಿ ತಿನ್ನಿ' ಎಂಬ ನಮ್ಮ ಪ್ರಯೋಗಾಲಯದ ಕರಪತ್ರ ಆಗಲೇ ಅಚ್ಚಿಗೆ ಹೋಗಿತ್ತು. ಚಿತ್ರದ ಅಂಚನ್ನಷ್ಟೇ ವರದಿಗೆ ಹಾಕಿದೆ. ನಡುವನ್ನು ಕತ್ತರಿಸಿಬಿಟ್ಟೆ.

ಸರಗೂರಿನಲ್ಲಿ ಕರಪತ್ರ ಹಂಚಿದ ದಿನ ನಿಮ್ಮ ಅತ್ತೆ ಸಭೆಯಲ್ಲಿ ಎದ್ದು ಕೇಳಿದರು — "ನಿಮ್ ಮಿಷಿನ್ನಾಗೆ ನಡುಮಧ್ಯ ಏನೂ ಕಾಣ್ನಿಲ್ವಾ?"

"ಇಲ್ಲಮ್ಮ, ಏನೂ ಇಲ್ಲ," ಎಂದೆ.

ಜನ ನಕ್ಕರು. ನಿಮ್ಮ ಅತ್ತೆ ಸೆರಗು ಎಳೆದುಕೊಂಡು ಕೂತುಬಿಟ್ಟರು. ಮುಂದೆ ನೀವು ಕರಪತ್ರದಂತೆ ಗೆಣಸು ಬೇಯಿಸಿದಾಗಲೂ ಅವರು ಬಾಯಿ ತೆರೆಯಲಿಲ್ಲವಂತೆ.

ಅದನ್ನು ತಿಂದ ನಿಮ್ಮ ಮಾವನವರನ್ನು ಎಚ್.ಡಿ. ಕೋಟೆಯ ಆಸ್ಪತ್ರೆಗೆ ಸೇರಿಸಿದಾಗ ನಾನೂ ಬಂದಿದ್ದೆ. ವಾಂತಿ, ಮೈಯೆಲ್ಲ ಸೆಳೆತ. "ಯಾಕಿಂಗಾಯ್ತು ಮೇಡಂ?" ಎಂದು ನಿಮ್ಮ ಯಜಮಾನರು ಕೇಳಿದರು. ನೀವು ಬಾಗಿಲ ಬಳಿ ನಿಂತಿದ್ದಿರಿ. ನಿಮ್ಮನ್ನು ನೋಡುತ್ತಲೇ ಹೇಳಿದೆ — "ಸರಿಯಾಗಿ ಬೆಂದಿಲ್ಲದಿರಬಹುದು."

"ಬೆಂದಿತ್ತು ಮೇಡಂ, ನಾನೇ ಇಸುಕಿ ನೋಡ್ದೆ," ಎಂದಿರಿ. ಯಾರೂ ಕೇಳಿಸಿಕೊಳ್ಳಲಿಲ್ಲ. ಆ ಕೆಂಪು ಮಚ್ಚೆ ಕಂಡಿದ್ದವಳು ನಾನೊಬ್ಬಳೇ — ನಾನು ಗೋಡೆ ನೋಡುತ್ತಿದ್ದೆ.

ನಿಮ್ಮ ಮಾವನವರು ಬದುಕಿ ಉಳಿದರು. ಎಲ್ಲ ಮುಗಿಯಿತೆಂದು ನಾನು ಸಮಾಧಾನಪಟ್ಟುಕೊಂಡೆ. ಕಳೆದ ತಿಂಗಳು ಹುಣಸೂರಿನಲ್ಲಿ ಸಿಕ್ಕ ನಿಮ್ಮೂರಿನ ಆಶಾ ಕಾರ್ಯಕರ್ತೆ ಹೇಳಿದರು — "ಸಾವಿತ್ರಕ್ಕನ್ನ ಈಗ್ಲೂ ಯಾರೂ ಅಡ್ಗೆಗೆ ಸೇರುಸ್ಕಳಲ್ಲ ಕಣ್ರೀ. ಮಾವುಂಗೆ ಇಸ ಇಕ್ಕಿದವ್ಳು ಅಂತಾರೆ." ನಿಮ್ಮ ಅತ್ತೆ ತೀರಿಕೊಂಡ ಸುದ್ದಿಯನ್ನೂ ಅವರೇ ಹೇಳಿದರು. ಕರಪತ್ರ ಇನ್ನೂ ಅಂಗನವಾಡಿಯ ಗೋಡೆಯ ಮೇಲಿದೆಯಂತೆ.

ಚಿಕ್ಕತಾಯಮ್ಮನವರ ಕ್ಷಮೆ ಕೇಳುವ ಕಾಲ ಮೀರಿತು. ನಿಮ್ಮಲ್ಲಿ ಕ್ಷಮೆ ಬೇಡುವ ಯೋಗ್ಯತೆ ನನಗಿಲ್ಲ. ಪೂರ್ತಿ ಚಿತ್ರವನ್ನೂ ನಾನು ಮಾಡಿದ್ದನ್ನೂ ಬರೆದು, ಸಹಿ ಹಾಕಿ, ಪ್ರಯೋಗಾಲಯಕ್ಕೆ ಕಳಿಸಿದ್ದೇನೆ. ಮೊನ್ನೆ ಅಂಗನವಾಡಿಗೆ ಫೋನ್ ಮಾಡಿ ಆ ಕರಪತ್ರವನ್ನು ಗೋಡೆಯಿಂದ ಕೀಳಿಸಿದೆ.

ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನಿಮ್ಮ ಮನೆಯವರನ್ನೂ ಅಕ್ಕಪಕ್ಕದವರನ್ನೂ ಜಗಲಿಗೆ ಕರೆಯಿರಿ. ಎಲ್ಲರೆದುರು ಇದನ್ನೇ ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಅದು ನ್ಯಾಯವೇ — ಬೀದಿಯಲ್ಲಿ ನಿಂತು ಹೇಳುತ್ತೇನೆ.