ಪಟೇಲರ ಕೋಟಿನ ಎಡಭಾಗ

ನಮ್ಮ ಮನೆಯ ಹೆಂಗಸರು ಕಾಜಾ ಹಾಕಬಹುದಿತ್ತು, ಗುಂಡಿ ಹೊಲಿಯಬಹುದಿತ್ತು, ಕಣ್ಣು ಉರಿಯುವವರೆಗೆ ಕೂತು ಅಂಚು ಮಡಿಸಬಹುದಿತ್ತು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಬಟ್ಟೆಗೆ ಕತ್ತರಿ ಹಾಕುವಂತಿರಲಿಲ್ಲ. ಈ ಕಟ್ಟಳೆ ಮಾಡಿದವರು ನಮ್ಮ ತಾತ. ಅವರು ಬೆಂಗಳೂರಿನ ದಂಡುಪ್ರದೇಶದಲ್ಲಿ ಬಿಳಿಯರ ಕೋಟು ಹೊಲಿದು ಕೆಲಸ ಕಲಿತವರು. ಬಿಳಿಯರು ಗಂಟುಮೂಟೆ ಕಟ್ಟಿದ ಮೇಲೆ ಅಲ್ಲಿ ಗಿರಾಕಿ ಕಡಿಮೆಯಾಯಿತು. ತಾತ ಯಶವಂತಪುರಕ್ಕೆ ಬಂದು ಸ್ಟೇಷನ್ನಿನ ಹತ್ತಿರ ಮುಂದೆ ಅಂಗಡಿ, ಹಿಂದೆ ಮನೆ ಇರುವ ಒಂದು ಜಾಗ ಹಿಡಿದರು. ಎರಡರ ನಡುವೆ ಒಂದು ಹಸಿರು ಪರದೆ. ನಾನು ಬೆಳೆದದ್ದು ಆ ಪರದೆಯ ಹಿಂದೆ.

ಕಟ್ಟಳೆಗೆ ತಾತ ಕೊಡುತ್ತಿದ್ದ ಕಾರಣ ಹೀಗಿತ್ತು. ಕತ್ತರಿಸಿದವರೇ ಟ್ರಯಲ್ ನೋಡಬೇಕು. ಗಿರಾಕಿಯ ಎದುರು ನಿಂತು, ಭುಜ ಮುಟ್ಟಿ, ಪಿನ್ನು ಚುಚ್ಚಬೇಕು. ತಪ್ಪಾಗಿದ್ದರೆ ನನ್ನದು ಎಂದು ಬಾಯಿಬಿಟ್ಟು ಹೇಳಬೇಕು. ಪರಗಂಡಸಿನ ಭುಜ ಮುಟ್ಟಿ ನಿಲ್ಲಲು ಹೆಣ್ಣಿಗೆ ಆಗುತ್ತದೆಯೇ? ಆಗದಿದ್ದ ಮೇಲೆ ಕತ್ತರಿ ಯಾಕೆ? ವಾದದಲ್ಲಿ ಎಲ್ಲೂ ಸಂದಿ ಇರಲಿಲ್ಲ. ಅದಕ್ಕೇ ನನಗೆ ಮೈ ಉರಿಯುತ್ತಿತ್ತು.

ನಾನು ಕೂತಲ್ಲಿ ಕೂರುವವಳಲ್ಲ. ಒಂದು ಕಾಜಾ ಮುಗಿಸುವಷ್ಟರಲ್ಲಿ ನಾಲ್ಕು ಸಲ ಎದ್ದು ಪರದೆಯ ಸಂದಿಯಿಂದ ಅಪ್ಪನ ಕೈ ನೋಡುತ್ತಿದ್ದೆ. ಹಳೆಯ ಪೇಪರನ್ನು ಅಡುಗೆಮನೆಯ ನೆಲದ ಮೇಲೆ ಹರಡಿ, ಈಳಿಗೆಮಣೆಯ ಪಕ್ಕದಲ್ಲೇ ತೋಳು, ಕಾಲರು, ಮುಂಭಾಗ ಎಂದು ಬರೆದು ಕತ್ತರಿಸುತ್ತಿದ್ದೆ. ಅಮ್ಮ ಅದನ್ನೆಲ್ಲ ಒಲೆಗೆ ಹಾಕಿ, "ನಿಂಗೇನ್ ಕಾಲಲ್ಲಿ ಚಕ್ರ ಇದ್ಯಾ, ಕೈಯಲ್ಲೂ ಇದ್ಯಾ?" ಎನ್ನುತ್ತಿದ್ದಳು. ಕತ್ತರಿ ಹಿಡಿಯುವ ಹಕ್ಕಿದ್ದ ನಮ್ಮಣ್ಣನಿಗೆ ನೆಟ್ಟಗೆ ಒಂದು ಚಡ್ಡಿ ಕತ್ತರಿಸಲು ಬರುತ್ತಿರಲಿಲ್ಲ. ಅವನು ಗೊರಗುಂಟೆಪಾಳ್ಯದ ಕಡೆ ಒಂದು ಕಾರ್ಖಾನೆ ಸೇರಿ, ಅಲ್ಲಿ ಕೊಟ್ಟ ದೊಗಳೆ ಖಾಕಿ ತೊಟ್ಟುಕೊಂಡು ಸೈಕಲ್ ಹತ್ತಿಬಿಟ್ಟ. ತಾತ ಅಷ್ಟರಲ್ಲಿ ತೀರಿಕೊಂಡಿದ್ದರು, ಪುಣ್ಯಕ್ಕೆ ಆ ಖಾಕಿ ನೋಡಲಿಲ್ಲ.

ಉಳಿದವರು ಅಪ್ಪ ಒಬ್ಬರೇ. ನನಗೆ ಇಪ್ಪತ್ತು ತುಂಬುವ ಹೊತ್ತಿಗೆ, ಅಂದರೆ ಅರವತ್ತರ ದಶಕದ ನಡುವಿನಲ್ಲಿ, ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಅವರು ಅದನ್ನು ಒಪ್ಪಲಿಲ್ಲ. ಟೇಪನ್ನು ಮೂಗಿನ ಹತ್ತಿರ ಹಿಡಿದು ನೋಡುವರು, ದಾರ ಪೋಣಿಸಿ ಕೊಡು ಎಂದು ಸೂಜಿಯನ್ನು ಪರದೆಯೊಳಕ್ಕೆ ಚಾಚುವರು, ಕೇಳಿದರೆ ಬಲ್ಬು ಮಂಕಾಗಿದೆ ಎನ್ನುವರು. ಬಲ್ಬು ಬದಲಾಯಿಸಿದೆವು. ಸೀಮೆಸುಣ್ಣ ಸರಿಯಿಲ್ಲ ಎಂದರು.

ಆ ವರ್ಷ ಕೋಗಿಲು ಹಳ್ಳಿಯಿಂದ ಒಬ್ಬ ಪಟೇಲರು ಬಂದರು. ತಾತನ ಕಾಲದಿಂದ ನಮ್ಮಲ್ಲೇ ಹೊಲಿಸುತ್ತಿದ್ದವರು. ಮಗಳ ಮದುವೆಗೆ ಒಂದು ಕ್ಲೋಸ್ ಕಾಲರ್ ಕೋಟು ಬೇಕಿತ್ತು. ಒಳ್ಳೆಯ ಕಪ್ಪು ಉಣ್ಣೆ ಬಟ್ಟೆ ತಂದಿದ್ದರು. "ಉಳಿದಿದ್ರಲ್ಲಿ ಮೊಮ್ಮಗನ್ಗೊಂದ್ ಕೋಟು ಆಗ್ಬೇಕು ಮಾಸ್ಟ್ರೇ, ಇಬ್ರೂ ಒಂದೇ ತರ ಹಾಕ್ಕೊಂಡ್ ನಿಂತ್ಕೋಬೇಕು ಅಂತ ಆಸೆ," ಎಂದರು. ಅಪ್ಪ ಅಳತೆ ತೆಗೆದರು, ಮರುದಿನ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಲು ತುಂಡುಗಳನ್ನು ನನಗೆ ಕೊಟ್ಟರು.

ಬೆಳಿಗ್ಗೆ ಹಿತ್ತಲ ಜಗಲಿಯಲ್ಲಿ ಎರಡು ಮುಂಭಾಗಗಳನ್ನೂ ಅಕ್ಕಪಕ್ಕ ಹರಡಿದೆ. ಬಲಗಡೆಯದು ಅಚ್ಚ ಕಪ್ಪು. ಎಡಗಡೆಯದು ಬೂದಿ ಬಡಿದ ಹಾಗೆ. ಉಣ್ಣೆ ಬಟ್ಟೆಯ ಮೇಲಿನ ಸಣ್ಣ ಜುಂಗು ಬೆಕ್ಕಿನ ಮೈಗೂದಲಿನಂತೆ ಒಂದೇ ಕಡೆಗೆ ಮಲಗಿರುತ್ತದೆ. ತುಂಡುಗಳನ್ನೆಲ್ಲ ಅದು ಕೆಳಮುಖ ಬರುವ ಹಾಗೆ ಕತ್ತರಿಸಬೇಕು. ಒಂದು ತುಂಡು ತಿರುಗುಮುರುಗಾದರೂ ಬಿಸಿಲಲ್ಲಿ ಬಣ್ಣ ಬೇರೆ ಕಾಣುತ್ತದೆ. ಇದಕ್ಕೆಂದೇ ಅಪ್ಪ ಬಟ್ಟೆಯ ಹಿಂಬದಿಗೆ ಜುಂಗಿನ ದಿಕ್ಕಿಗೆ ಒಂದು ಬಾಣ ಬರೆದುಕೊಳ್ಳುತ್ತಿದ್ದರು. ತುಂಡು ತಿರುಗಿಸಿ ನೋಡಿದೆ. ಬಾಣ ಇತ್ತು. ಮೇಲ್ಮುಖವಾಗಿತ್ತು. ತಾವೇ ಬರೆದ ಬಾಣ ಅವರಿಗೆ ಕಂಡಿರಲಿಲ್ಲ.

ಸುಳ್ಳು ಹೇಳುವುದಿಲ್ಲ, ಮೊದಲು ನನಗೆ ಖುಷಿಯಾಯಿತು. ಒಂದು ಗಳಿಗೆ ಅಷ್ಟೇ. ಆಮೇಲೆ ಲೆಕ್ಕ ಹಾಕತೊಡಗಿದೆ. ಗುಟ್ಟಾಗಿ ಸರಿಮಾಡುವ ಹಾಗೂ ಇರಲಿಲ್ಲ. ಬೇರೆ ಎಡಭಾಗ ಕತ್ತರಿಸಿದರೆ ಮೊಮ್ಮಗನ ಬಟ್ಟೆ ಅದಕ್ಕೇ ಹೋಗುತ್ತದೆ, ಪಟೇಲರಿಗೆ ಹೇಳಲೇಬೇಕಾಗುತ್ತದೆ. ಹೇಳಿದರೆ ಮಾಸ್ಟರಿಗೆ ಕಣ್ಣು ಕಾಣಿಸುವುದಿಲ್ಲ ಎಂಬುದು ಕೋಗಿಲಿನಿಂದ ಯಲಹಂಕದವರೆಗೆ ಗೊತ್ತಾಗುತ್ತದೆ. ಆಮೇಲೆ ಅಂಗಡಿ ಮುಚ್ಚಿದ ಹಾಗೆಯೇ. ಎರಡು ದಿನ ಆ ತುಂಡುಗಳನ್ನು ಹಿಡಿದು ಹಿತ್ತಲಿಗೂ ಅಡುಗೆಮನೆಗೂ ಸುತ್ತಿದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ರೈಲು ಕೂಗಿದರೂ ಬೆಚ್ಚುತ್ತಿದ್ದೆ. ಅಮ್ಮ ಮೈ ಬಿಸಿಯಾಗಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಮೂರನೆಯ ದಿನ ಮಧ್ಯಾಹ್ನ ಅಪ್ಪ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಬಾಯಲ್ಲಿ ಏನೂ ಹೇಳದೆ ಅವರ ಕೈ ಹಿಡಿದು ಮೊದಲು ಬಲಭಾಗದ ಮೇಲೆ, ಆಮೇಲೆ ಎಡಭಾಗದ ಮೇಲೆ ಸವರಿಸಿದೆ. ಬೆರಳು ಅರ್ಧದಲ್ಲೇ ನಿಂತುಬಿಟ್ಟಿತು.

"ಯಾರಿಗ್ ಹೇಳಿದ್ದೀಯ?" ಎಂದರು.

"ಯಾರ್ಗೂ ಇಲ್ಲಪ್ಪ."

ಎಲೆ ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು ಅಂಗಡಿಗೆ ಹೋಗಿ ಕತ್ತರಿ ತಂದು ನನ್ನ ಮುಂದಿಟ್ಟು, "ಕತ್ತರಿಸು," ಎಂದರು. ಪಕ್ಕದಲ್ಲಿ ಕೂರಲೂ ಇಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ಎಷ್ಟೋ ವರ್ಷ ಕನಸು ಕಂಡ ಕತ್ತರಿ ಕೈಯಲ್ಲಿ ಕಲ್ಲಿನಷ್ಟು ಭಾರವಾಗಿತ್ತು. ಅಪ್ಪ ಬರೆದಿಟ್ಟಿದ್ದ ಅಳತೆ ನೋಡಿಕೊಂಡು ಮೂರು ಸಲ ಗೆರೆ ಎಳೆದು ಅಳಿಸಿ, ನಾಲ್ಕನೆಯ ಸಲ ಕತ್ತರಿಸಿದೆ.

ಟ್ರಯಲ್ಲಿಗೆ ಪಟೇಲರು ಬಂದಾಗ ನಾನು ಪರದೆಯ ಹಿಂದೆ ನಿಂತಿದ್ದೆ. ಅಪ್ಪ ಕೋಟು ತೊಡಿಸುವ ಮೊದಲೇ ಹೇಳಿದರು: "ಪಟೇಲ್ರೇ, ಒಂದ್ ಭಾಗ ನಾನು ತಪ್ಪು ಕತ್ತರಿಸ್ಬಿಟ್ಟೆ. ಮೊಮ್ಮಗನ ಬಟ್ಟೆ ಅದಕ್ಕೇ ಹೋಯ್ತು. ಕಣ್ಣು ಸರಿಯಾಗಿ ಕಾಣಿಸ್ತಿಲ್ಲ. ಆ ಭಾಗ ನನ್ನ ಮಗಳು ಕತ್ತರಿಸಿಕೊಟ್ಟಿದ್ದಾಳೆ."

ಅಮ್ಮನ ಹತ್ತಿರ ಕೂಡ ಬಾಯಿಬಿಡದ ಮಾತನ್ನು ಅಪ್ಪ ಗಿರಾಕಿಯ ಮುಂದೆ ಹೇಳಿದ್ದರು.

"ಹೆಣ್ಮಗಾ?" ಎಂದ ಪಟೇಲರು ಪರದೆಯ ಕಡೆ ಒಮ್ಮೆ ನೋಡಿದರು. ಆಮೇಲೆ, "ಓಗ್ಲಿ ಬಿಡಿ, ಹಾಕಿ ನೋಡಾನ," ಎಂದು ಕೈ ಚಾಚಿದರು. ಕನ್ನಡಿಯ ಮುಂದೆ ನಿಂತು ಒಂದೊಂದೇ ತೋಳು ಎತ್ತಿ ನೋಡಿಕೊಂಡರು. ಎಡಗೈ ಸಲೀಸಾಗಿ ಮೇಲೆ ಹೋಯಿತು. ಬಲಗೈ ಎತ್ತಿದಾಗ ಭುಜದ ಹತ್ತಿರ ಬಟ್ಟೆ ಬಿಗಿದು ಕಾಲರ್ ಸೊಟ್ಟಗಾಯಿತು. ಇನ್ನೊಂದು ಸಲ ಎತ್ತಿದರು. ಮತ್ತೆ ಸೊಟ್ಟಗಾಯಿತು.

ಪಟೇಲರು ಬಲಭುಜ ತಟ್ಟಿಕೊಂಡು ನಕ್ಕರು. "ಇದೇ ಅಲ್ವಾ ನಿಮ್ ಮಗ್ಳು ಕತ್ತರ್ಸಿದ್ದು? ಸ್ವಲ್ಪ ಎಳೀತೈತೆ. ಇರ್ಲಿ ಬಿಡಿ ಮಾಸ್ಟ್ರೇ, ಹೆಣ್ಮಗೀನ ಕೈ, ಇಂಗೇ ಕಲೀತದೆ."

ಅಪ್ಪ ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೂಂ ಎನ್ನಲಿ ಎಂದು ನಾನು ಪರದೆಯನ್ನು ಹಿಡಿದು ಮನಸ್ಸಿನಲ್ಲೇ ಬೇಡಿಕೊಂಡೆ. ಅಪ್ಪನಿಗಿಂತ ಚೆನ್ನಾಗಿ ಕತ್ತರಿಸಬೇಕು ಎಂದು ಎಷ್ಟೋ ವರ್ಷ ಹಲ್ಲು ಕಚ್ಚಿದ್ದವಳು, ಆ ಗಳಿಗೆಯಲ್ಲಿ ಎಡಗಡೆಯೇ ಸೊಟ್ಟಗಿರಬಾರದಿತ್ತೇ ಎಂದು ಸಂಕಟಪಟ್ಟೆ.

"ಅಲ್ಲ ಪಟೇಲ್ರೇ," ಎಂದರು ಅಪ್ಪ. "ಎಳೀತಿರೋದು ನಂದು."

ಆಮೇಲೆ ಪರದೆಯ ಕಡೆ ತಿರುಗಿ, "ಬಾಮ್ಮ, ಬಂದು ಸರಿಮಾಡು," ಎಂದು ಕರೆದರು.

ಹೋದೆ. ಪಟೇಲರು ಕಣ್ಣನ್ನು ಕನ್ನಡಿಯಿಂದ ಬೀದಿಯ ಕಡೆಗೆ ಸರಿಸಿ ನೆಟ್ಟಗೆ ನಿಂತುಕೊಂಡರು. ನಾನು ಅವರ ಬಲಭುಜ ಮುಟ್ಟಿ, ಅಪ್ಪನ ಗೆರೆಯನ್ನು ಒಂದು ಬೆರಳಿನಷ್ಟು ಆಚೆಗೆ ಸರಿಸಿ, ಪಿನ್ನಿಗೆ ಕೈ ಚಾಚಿದೆ. ಅಪ್ಪ ಪಿನ್ನಿನ ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಒಂದು ಪಿನ್ನು ತೆಗೆದು ಚಾಚಿದರು. ಅದು ನನ್ನ ಕೈಗಿಂತ ನಾಲ್ಕು ಬೆರಳು ಈಚೆಗೆ, ಗಾಳಿಯಲ್ಲಿ, ನಾನು ತೆಗೆದುಕೊಳ್ಳುವವರೆಗೆ ಹಾಗೇ ಇತ್ತು.