ಯಶೋದಮ್ಮನ ಎಡಗೈ

ಬೆಟ್ಟದಪುರದ ಹತ್ತಿರದ ಒಂದು ಊರಿನಲ್ಲಿ ಯಶೋದಮ್ಮ ಎಂಬುವವರಿದ್ದಾರೆ. ಈಗ ಎಪ್ಪತ್ತೊಂದು ವರ್ಷ. ಹುಟ್ಟಿದ್ದು ಗಾವಡಗೆರೆಯಲ್ಲಿ, ಹದಿನೇಳಕ್ಕೆ ಮದುವೆಯಾಗಿ ಇಲ್ಲಿಗೆ ಬಂದವರು. ಬಂದ ವರ್ಷವೇ ಹೊಗೆಸೊಪ್ಪು ಕಟ್ಟುವುದನ್ನು ಕಲಿತರು. ಹೊಲದಿಂದ ಬಂದ ಹಸಿ ಎಲೆಯನ್ನು ಮೂರು ಮೂರರಂತೆ ದಾರದಲ್ಲಿ ಬಿಗಿದು, ಉದ್ದನೆಯ ಕಡ್ಡಿಗೆ ಇಳಿಬಿಟ್ಟು, ಅದೇ ದಿನ ಬ್ಯಾರನ್ನಿಗೆ ಏರಿಸಬೇಕು. ಬ್ಯಾರನ್ ಅಂದರೆ ಬೆಂಕಿಯ ಶಾಖದಲ್ಲಿ ಎಲೆ ಹದ ಮಾಡುವ ಎತ್ತರದ ಕಟ್ಟಡ. ಕಟ್ಟುವುದು ಇಬ್ಬರ ಕೆಲಸ: ಒಬ್ಬರು ಎಲೆ ಎತ್ತಿ ಕೊಡಬೇಕು, ಇನ್ನೊಬ್ಬರು ಕಟ್ಟಬೇಕು. ಯಶೋದಮ್ಮ ಕಟ್ಟುತ್ತಿದ್ದರು. ಎಲೆ ಕೊಡುತ್ತಿದ್ದವರು ಅವರ ಓರಗಿತ್ತಿ ಸುನಂದಮ್ಮ, ಗಂಡನ ಅಣ್ಣನ ಹೆಂಡತಿ; ಯಶೋದಮ್ಮ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಸುಮಾರು ನಲವತ್ತು ಮಳೆಗಾಲ ಇಬ್ಬರೂ ಎದುರುಬದುರು ಕುಳಿತು ಆ ಕೆಲಸ ಮಾಡಿದರು. ಸುನಂದಮ್ಮ ತೀರಿಕೊಂಡು ಹದಿನಾಲ್ಕು ವರ್ಷವಾಯಿತು.

ಹೋದ ವರ್ಷ ಫೆಬ್ರವರಿಯಲ್ಲಿ ಯಶೋದಮ್ಮ ಹಸುವಿಗೆ ನೀರಿಡಲು ಹೋದವರು ಕೊಟ್ಟಿಗೆಯಲ್ಲೇ ಕುಸಿದರು. ಮೈಸೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದರು. ಲಕ್ವ ಅಂದರು, ಮೆದುಳಿನ ಬಲಭಾಗ ಅಂದರು. ಮಾತು ಉಳಿಯಿತು. ಎಡಗಾಲು ಮೆಲ್ಲಗೆ ನೆಲ ಹಿಡಿಯಿತು. ಎಡಗೈಯಲ್ಲಿ ಶಕ್ತಿಯೂ ಇತ್ತು. ಮನೆಗೆ ಕಳಿಸುವ ದಿನ ಡಾಕ್ಟರು ಚೀಟಿಯ ಕೊನೆಗೆ, ಇವರನ್ನು ಆಕ್ಯುಪೇಶನಲ್ ಥೆರಪಿಸ್ಟ್ ಒಬ್ಬರಿಗೆ ತೋರಿಸಬೇಕು ಎಂದು ಬರೆದರು.

ಸೊಸೆ ಉಷಾರಾಣಿ ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ಓದದೆ ಯಾವ ಕಾಗದವನ್ನೂ ಮಡಿಸಿಡುವವಳಲ್ಲ. "ಫಿಸಿಯೋಥೆರಪಿನಾ ಸಾರ್ ಇದು?" ಎಂದು ಕೇಳಿದಳು.

"ಅಲ್ಲಮ್ಮ. ಅವರು ಕೈಕಾಲಿಗೆ ಬಲ ಬರಿಸ್ತಾರೆ. ಇವರು ಸ್ನಾನ, ಊಟ, ಬಟ್ಟೆ, ಮನೆಕೆಲಸ, ಇವನ್ನೆಲ್ಲ ಮತ್ತೆ ಮಾಡೋ ಹಾಗೆ ಮಾಡ್ತಾರೆ. ನಿಮ್ಮತ್ತೆಗೆ ಬೇಕಾಗಿರೋದು ಅದೇ."

ಅದೆಷ್ಟು ನಿಜ ಎಂದು ಮನೆಗೆ ಬಂದ ನಾಲ್ಕನೆಯ ದಿನ ಗೊತ್ತಾಯಿತು. ಯಶೋದಮ್ಮ ಬಲಗೈಯಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದುತ್ತಿದ್ದರು. ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಎಡಗೈ ಎದ್ದು ಬಂದು ತಟ್ಟೆಯ ಅಂಚು ಹಿಡಿದು ಅದನ್ನು ಆಚೆ ಎಳೆದಿಟ್ಟಿತು.

"ಅತ್ತೆ, ಸಾಕಾಯ್ತಾ?" ಎಂದಳು ಉಷಾರಾಣಿ.

"ನಾನಲ್ಲ ಕಣವ್ವ ಎಳೆದಿದ್ದು," ಎಂದರು ಯಶೋದಮ್ಮ. ಸೊಸೆಯ ಮುಖ ನೋಡಲಿಲ್ಲ. ಆ ಕೈಯನ್ನೇ ನೋಡುತ್ತಿದ್ದರು, ಮನೆಗೆ ಬಂದ ಪರಿಚಯವಿಲ್ಲದವರನ್ನು ನೋಡುವ ಹಾಗೆ.

ಆಮೇಲೆ ಅದು ದಿನದ ಕಥೆಯಾಯಿತು. ಬಲಗೈ ರವಿಕೆಯ ಗುಂಡಿ ಹಾಕಿದರೆ ಎಡಗೈ ಬಿಚ್ಚುತ್ತಿತ್ತು. ಬಾಗಿಲು ದಾಟುವಾಗ ಚೌಕಟ್ಟು ಹಿಡಿದರೆ ಬಿಡುತ್ತಿರಲಿಲ್ಲ. ಯಶೋದಮ್ಮ ಅರ್ಧ ಒಳಗೆ, ಅರ್ಧ ಹೊರಗೆ ನಿಂತು ಯಾರಾದರೂ ಬರುವವರೆಗೆ ಕಾಯಬೇಕಿತ್ತು. ಒಂದು ಮಧ್ಯಾಹ್ನ ಉಷಾರಾಣಿ ಅಂಗನವಾಡಿಯಿಂದ ಬಂದಾಗ ಅತ್ತೆ ಜಗುಲಿಯ ಮೇಲೆ ಕುಳಿತಿದ್ದರು. ಎಡಗೈ ಅವರ ಕೊರಳನ್ನೇ ಅಮುಕಿತ್ತು. ಬಲಗೈ ಆ ಬೆರಳುಗಳನ್ನು ಬಿಡಿಸಲು ಹೆಣಗುತ್ತಿತ್ತು. ಅವರು ಕೂಗಿರಲಿಲ್ಲ. ಎದುರು ಮನೆಯ ವಿಮಲಮ್ಮ ಅಂಗಳದಲ್ಲೇ ರಾಗಿ ಹರವುತ್ತಿದ್ದರೂ ಏನೂ ತಿಳಿದಿರಲಿಲ್ಲ.

"ಯಾಕತ್ತೆ ಕೂಗ್ಲಿಲ್ಲ?"

"ಏನಂತ ಕೂಗ್ಲಿ? ನನ್ನ ಕೈಯೇ ನನ್ನ ಕೊಲ್ತಾದೆ ಅಂತಲಾ?"

ಊರಿನ ಹಿರಿಯ ಸಣ್ಣಯ್ಯ ಬಂದು ನೋಡಿ, ಇದು ಡಾಕ್ಟರ ಕೈಗೆ ಹತ್ತುವುದಲ್ಲ, ದೇವರ ಕೇಳಿಸಿ ಎಂದು ಹೇಳಿ ಹೋದ. ಮಗ ಮಹೇಂದ್ರನಿಗೆ ಆ ಮಾತೇ ಸರಿ ಅನ್ನಿಸಿತು. ಉಷಾರಾಣಿ ಒಪ್ಪಲಿಲ್ಲ. "ಡಾಕ್ಟ್ರು ಯೇಳಿದೋರ್‍ನ ಒಂದ್ಸಲ ನೋಡ್ಮ. ಆಮೇಲೆ ನಿಮ್ಮಿಷ್ಟ," ಎಂದಳು.

ಮೊದಲು ಸಿಕ್ಕಿದವನು ಹುಣಸೂರಿನಲ್ಲಿ ಬೋರ್ಡು ಹಾಕಿಕೊಂಡಿದ್ದವನು. ಬೋರ್ಡಿನಲ್ಲಿ ಎಲ್ಲ ಥೆರಪಿಯ ಹೆಸರೂ ಇತ್ತು. ಏನು ಓದಿದ್ದೀರಿ ಎಂದು ಉಷಾರಾಣಿ ಕೇಳಿದ್ದಕ್ಕೆ, "ಹದಿನೈದು ವರ್ಷದ ಎಕ್ಸ್‌ಪೀರಿಯೆನ್ಸು ಮೇಡಂ" ಎಂದ. ಯಶೋದಮ್ಮನ ಕಡೆ ತಿರುಗಿಯೂ ನೋಡದೆ ಮಹೇಂದ್ರನ ಕೈಗೆ ಚರ್ಮದ ಬೆಲ್ಟೊಂದನ್ನು ಕೊಟ್ಟ. "ಒಂದು ತಿಂಗಳು ಆ ಕೈನ ಮಂಚಕ್ಕೆ ಕಟ್ಟಿ. ಅಭ್ಯಾಸ ತಪ್ಪಿಹೋಗ್ತದೆ."

ಕಟ್ಟಿದರು. ಕಟ್ಟಿದ ಮಾರನೆಯ ದಿನ ಹಗಲು ಊಟವಾದ ಮೇಲೆ ಯಶೋದಮ್ಮ ನಿದ್ದೆ ಹೋಗಿದ್ದರು. ಒಳಗಿನಿಂದ ಟಕ ಟಕ ಎಂಬ ಸಣ್ಣ ಸದ್ದು ಬರುತ್ತಿತ್ತು. ಮಹೇಂದ್ರ ಹೋಗಿ ನೋಡಿದ. ತಾಯಿಯ ಬಾಯಿ ತುಸು ತೆರೆದಿತ್ತು, ಉಸಿರು ನಿಧಾನವಾಗಿತ್ತು. ಬೆಲ್ಟಿನಿಂದ ಹೊರಗಿದ್ದ ಬೆರಳುಗಳು ಮಾತ್ರ ಎಚ್ಚರವಾಗಿದ್ದವು. ಹಾಸಿಗೆಯ ಮೇಲಿಂದ ಏನನ್ನೋ ಒಂದು, ಎರಡು, ಮೂರು ಎಂದು ಆರಿಸಿಕೊಳ್ಳುತ್ತಿದ್ದವು. ಆರಿಸಿದ್ದನ್ನು ಹಲಗೆಗೆ ಎರಡು ಸಲ ಕುಟ್ಟಿ ಸಮ ಮಾಡುತ್ತಿದ್ದವು. ಮಣಿಕಟ್ಟನ್ನು ಬೆಲ್ಟು ಎಷ್ಟು ಬಿಡುತ್ತದೋ ಅಷ್ಟು ಮುಂದಕ್ಕೆ ಚಾಚುತ್ತಿದ್ದವು. ಯಾರೋ ಈಸಿಕೊಂಡ ಹಾಗೆ ಒಂದು ಗಳಿಗೆ ತಡೆದು, ಮತ್ತೆ ಮೊದಲಿನಿಂದ.

ಮಹೇಂದ್ರ ಹೊರಗೆ ಬಂದು ಗೋಡೆಗೆ ಒರಗಿದ. "ಉಷಾ, ಅದು ಸೊಪ್ಪು ಕೊಡೋದು ಕಣೇ."

"ಅತ್ತೆ ಮಾಡಿದ ಕೆಲ್ಸಾನೇ ಅಲ್ವಾ. ಕನಸು ಬಿದ್ದಿರ್ತದೆ."

"ಅವ್ವ ಯಾವತ್ತೂ ಸೊಪ್ಪು ಕೊಟ್ಟೋಳಲ್ಲ. ಕಟ್ಟೋಳು. ಕೊಡ್ತಿದ್ದದ್ದು ದೊಡ್ಡವ್ವ. ಇಂಗೇ, ಎರಡು ಸಲ ಕುಟ್ಟಿ." ಅವನು ತನ್ನ ಎಡಗೈ ಎತ್ತಿ ತೋರಿಸಿದ. "ದೊಡ್ಡವ್ವ ಎಡಚಿ ಕಣೇ."

ಅವತ್ತೇ ಬೆಲ್ಟು ಬಿಚ್ಚಿದರು. ಬಿಚ್ಚುವಾಗ ಎಚ್ಚರಗೊಂಡ ಯಶೋದಮ್ಮ, "ಪಾಪ, ಕೆಂಪಗಾಗ್ಯದೆ ನೋಡು ಅವ್ಳಿಗೆ," ಎಂದು ಆ ಮಣಿಕಟ್ಟನ್ನು ಬಲಗೈಯಿಂದ ಸವರಿದರು. ಅವಳು ಯಾರು ಎಂದು ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಎರಡನೆಯದು ಮೈಸೂರಿನ ಒಂದು ಸೆಂಟರು. ಅಲ್ಲಿನ ಹುಡುಗಿ ಓದಿದವಳು, ಒಳ್ಳೆಯವಳು. ಬಣ್ಣದ ಗೂಟಗಳನ್ನು ತೂತಿಗೆ ಸಿಕ್ಕಿಸುವ ಹಲಗೆ, ದೊಡ್ಡ ಗುಂಡಿಗಳ ಬಟ್ಟೆ, ಎಲ್ಲ ಇತ್ತು. ಯಶೋದಮ್ಮನ ಎಡಗೈ ಸೆಂಟರಿನಲ್ಲಿ ಜಾಣ ಮಗುವಿನಂತೆ ನಡೆದುಕೊಂಡಿತು. ಗೂಟ ಸಿಕ್ಕಿಸು ಎಂದರೆ ಸಿಕ್ಕಿಸಿತು. ಮನೆಗೆ ಬಂದರೆ ಮೊದಲಿನಂತೆಯೇ. ಆರು ಸಲ ಹೋಗಿ ಬಂದರು. ಬಸ್ಸಿನಲ್ಲಿ ಎರಡೂವರೆ ಗಂಟೆ ಕೂತು ಯಶೋದಮ್ಮನ ಕಾಲು ಊದಿಕೊಳ್ಳುತ್ತಿತ್ತು. ಕೊನೆಯ ಸಲ ಆ ಹುಡುಗಿ ಉಷಾರಾಣಿಗೆ, "ಪೇಶೆಂಟು ಮನಸ್ಸು ಕೊಡ್ತಾ ಇಲ್ಲ," ಎಂದಳು. ಪೇಶೆಂಟು ಪಕ್ಕದಲ್ಲೇ ಕುಳಿತಿದ್ದರು.

ಆ ಹುಡುಗಿಯೇ ಕೊನೆಗೆ ಒಂದು ಫೋನ್ ನಂಬರು ಕೊಟ್ಟಳು. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನವಳು, ಹೆಸರು ಯಾಂಗ್ಚೆನ್. ದೊಡ್ಡ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ಇದೇ ಕೆಲಸ ಮಾಡಿ, ತಂದೆಯನ್ನು ನೋಡಿಕೊಳ್ಳಲು ಕ್ಯಾಂಪಿಗೆ ಮರಳಿದ್ದಾಳೆ. ಸುತ್ತಲಿನ ಊರುಗಳಲ್ಲಿ ರೋಗಿಗಳ ಮನೆಗೇ ಹೋಗುತ್ತಾಳೆ ಎಂದಳು.

ಉಷಾರಾಣಿ ಫೋನಿನಲ್ಲೇ ಎಲ್ಲ ಕೇಳಿದಳು. ಏನು ಓದಿದ್ದೀರಿ, ಇಂಥ ಕೈಯನ್ನು ಮುಂಚೆ ನೋಡಿದ್ದೀರಾ, ಎಷ್ಟು ದಿನಕ್ಕೊಮ್ಮೆ ಬರುತ್ತೀರಿ, ವಾಸಿಯಾಗುತ್ತದಾ? ಆಚೆಯಿಂದ ನಮ್ಮ ಕಡೆಯದೇ ಕನ್ನಡ ಬಂತು: "ಇಂಥವ್ರನ್ನ ಇಬ್ರನ್ನ ನೋಡಿವ್ನಿ ಕಣಕ್ಕ. ಒಬ್ರಿಗೆ ಬಾಳ ವಾಸಿಯಾಯ್ತು, ಇನ್ನೊಬ್ರಿಗೆ ಅರ್ಧ. ಪೂರ್ತಿ ಆಯ್ತದೆ ಅಂತ ಈಗ್ಲೇ ಯೇಳಿದ್ರೆ ಸುಳ್ಳಾಯ್ತದೆ. ಮೊದ್ಲು ಅವರ ಜೊತೆ ಒಂದು ದಿನ ಇರ್ತೀನಿ." ಆ ಮಾತಿಗೇ ಉಷಾರಾಣಿ ಇವಳನ್ನೇ ಕರೆಸಬೇಕೆಂದು ನಿರ್ಧರಿಸಿದಳು.

ಯಾಂಗ್ಚೆನ್ ಬೆಳಗಿನ ಬಸ್ಸಿಗೆ ಬಂದು ಸಂಜೆಯವರೆಗೆ ಇದ್ದಳು. ಹಲಗೆ ತರಲಿಲ್ಲ, ಗೂಟ ತರಲಿಲ್ಲ. ಯಶೋದಮ್ಮ ಎದ್ದದ್ದು, ಬಚ್ಚಲಿಗೆ ಹೋದದ್ದು, ಉಂಡದ್ದು ಎಲ್ಲವನ್ನೂ ಸುಮ್ಮನೆ ನೋಡಿದಳು. ಈಳಿಗೆಮಣೆಯನ್ನು ಎತ್ತಿ ಮೇಲಿನ ಗೂಡಿಗಿಟ್ಟಳು. ಬಚ್ಚಲ ಗೋಡೆಯಲ್ಲಿ ಹಿಡಿಕಂಬಿ ಎಲ್ಲಿ ಬೇಕೆಂದು ಸುಣ್ಣದಿಂದ ಗುರುತು ಮಾಡಿದಳು. ಕೊನೆಗೆ ಯಶೋದಮ್ಮನ ಮುಂದೆ ನೆಲದ ಮೇಲೆ ಕುಳಿತು, ಅಷ್ಟು ದಿನ ಯಾರೂ ಕೇಳದ್ದನ್ನು ಕೇಳಿದಳು.

"ಅಜ್ಜಿ, ನಿಮಗೇನು ಆಗ್ಬೇಕು?"

ಯಶೋದಮ್ಮ ಬಲಗೈಯಿಂದ ಎಡಗೈಯನ್ನು ಮಡಿಲಿಗೆ ಎಳೆದುಕೊಂಡರು. "ನನ್ನ ನೀರು ನಾನೇ ಉಯ್ಕೊಬೇಕು. ತಟ್ಟೆ ಮುಂದೆ ನೆಮ್ಮದಿಯಾಗಿ ಕುಂತ್ಕೊಬೇಕು." ಆಮೇಲೆ ದನಿ ತಗ್ಗಿಸಿದರು. "ಇವ್ಳಿಗೇನು ಬೇಕು ಅಂತ ಗೊತ್ತಾಗ್ಬೇಕು."

"ಯಾರಿಗೆ?"

"ನಮ್ಮಕ್ಕನಿಗೆ."

ಯಾಂಗ್ಚೆನ್ ನಗಲಿಲ್ಲ, ತಿದ್ದಲೂ ಇಲ್ಲ. ಮೆದುಳಿನ ಎರಡು ಭಾಗಗಳ ನಡುವಿನ ದಾರಿ ಕೆಟ್ಟರೆ ಕೈ ತಾನಾಗಿ ಆಡಬಹುದು, ಆಡಿಸಿದ್ದು ನಾನೇ ಎಂಬ ಸುದ್ದಿ ಮನಸ್ಸಿಗೆ ಮುಟ್ಟುವುದಿಲ್ಲ ಎಂದು ನಿಧಾನವಾಗಿ ವಿವರಿಸಿದಳು. ಯಶೋದಮ್ಮ ಎಲ್ಲ ಕೇಳಿಸಿಕೊಂಡು, "ಸರಿ ಕಣವ್ವ. ಆದ್ರೂ ಇದು ಅಕ್ಕಂದೇ," ಎಂದರು.

ವಾರಕ್ಕೆ ಎರಡು ದಿನ ಕೆಲಸ ಶುರುವಾಯಿತು. ಸುಮ್ಮನಿದ್ದರೆ ಆ ಕೈ ಏನನ್ನಾದರೂ ಹಿಡಿಯುತ್ತದೆ, ಅದಕ್ಕೆ ಹಿಡಿಯಲು ನಾವೇ ಕೊಡಬೇಕು ಎಂದು ಯಾಂಗ್ಚೆನ್ ಬಟ್ಟೆ ಸುತ್ತಿದ ತುಂಡು ಕೋಲೊಂದನ್ನು ಮಾಡಿಕೊಟ್ಟಳು. ಉಣ್ಣುವಾಗ ಎಡಗೈ ಆ ಕೋಲು ಹಿಡಿದು ಕೂತಿತು, ತಟ್ಟೆ ನಿಂತಲ್ಲಿ ನಿಂತಿತು. ಏನು ಮಾಡಬೇಕಾದರೂ ಮುಂಚೆ ಬಾಯಲ್ಲಿ ಹೇಳಿಸುತ್ತಿದ್ದಳು: "ಈಗ ಚೊಂಬು ಹಿಡೀತೀವಿ. ಈಗ ಎತ್ತುತೀವಿ." ಎರಡು ಕೈಗೂ ಕೂಡಿ ಕೆಲಸ ಬೇಕು ಎಂದು ಯೋಚಿಸಿ, ಜುಲೈನಲ್ಲಿ ಎಲೆ ಮುರಿಯಲು ಶುರುವಾದಾಗ ಒಂದು ತೆಕ್ಕೆ ಹೊಗೆಸೊಪ್ಪನ್ನೇ ತರಿಸಿದಳು.

ಯಶೋದಮ್ಮ ದಾರ ಹಿಡಿದರು. ಎಡಗೈ ಯಾರೂ ಹೇಳದೆಯೇ ಮೂರು ಎಲೆ ಆರಿಸಿತು, ಮೊಣಕಾಲಿಗೆ ಎರಡು ಸಲ ಕುಟ್ಟಿತು, ಬಲಗೈಗೆ ಕೊಟ್ಟಿತು. ಬಲಗೈ ಕಟ್ಟಿತು. ಕಾಲು ಗಂಟೆಯಲ್ಲಿ ಅರ್ಧ ಕಡ್ಡಿ ತುಂಬಿತು. ಯಶೋದಮ್ಮ ತಮ್ಮ ಎದುರು ಖಾಲಿ ಇದ್ದ ಜಾಗವನ್ನು ನೋಡುತ್ತಾ ಕಟ್ಟುತ್ತಿದ್ದರು. ಮಹೇಂದ್ರ ಅಲ್ಲಿ ನಿಲ್ಲಲಾರದೆ ಹೊಲಕ್ಕೆ ಹೋದ.

ಎಲೆ ಮುಗಿಯಿತು. ಕೊಡಲು ಏನೂ ಸಿಗದೆ ಎಡಗೈ ಚಾಪೆಯ ಮೇಲೆ ತಡಕಾಡಿತು. ಬಲಗೈಯ ಮಣಿಕಟ್ಟನ್ನು ಮುಟ್ಟಿತು. ಗಟ್ಟಿಯಾಗಿ ಹಿಡಿದುಕೊಂಡಿತು.

ಉಷಾರಾಣಿ ಬಿಡಿಸಲು ಬಗ್ಗಿದಳು. ಯಶೋದಮ್ಮ ತಲೆ ಅಲ್ಲಾಡಿಸಿದರು. ಹದಿನಾಲ್ಕು ವರ್ಷ ಯಾರಿಗೂ ಹೇಳದ್ದನ್ನು ಆಗ ಹೇಳಿದರು.

"ಅವತ್ತು ಬ್ಯಾರನ್ನು ತುಂಬೋ ದಿನ. ಅಕ್ಕಂಗೆ ಮೂರು ದಿನದ ಜ್ವರ, ನಡುಮನೇಲಿ ಮಲಗಿದ್ಲು. ನೀರು ಕುಡಿಸೋಕೆ ಓದೆ. ಇಂಗೇ ಇಡ್ಕೊಂಡ್ಲು. ಓಗ್ಬೇಡ ಕಣೆ ಯಶೋದಾ, ಒಸಿ ಒತ್ತು ಕುಂತ್ಕೊ ಅಂದ್ಲು. ಸೊಪ್ಪು ಬಾಡೋಯ್ತದೆ ಅಂತ ಒಂದೊಂದೇ ಬೆರಳು ಬಿಡಿಸ್ಕೊಂಡು ಎದ್ದು ಬಂದೆ. ಸಂಜೆ ಓಗೋ ಒತ್ಗೆ ತಣ್ಣಗಾಗಿದ್ಲು. ಬೆರಳು ಇನ್ನೂ ಮಡಚ್ಕೊಂಡೇ ಇದ್ವು."

ಅವರ ಬಲಗೈ ಬಿಳಿಚುತ್ತಿತ್ತು. ಯಾಂಗ್ಚೆನ್ ಮೆಲ್ಲಗೆ, "ನೋವಾಯ್ತಿದ್ರೆ ನಾನು ಬಿಡಿಸ್ಲಾ ಅಜ್ಜಿ?" ಎಂದಳು.

"ಬ್ಯಾಡ. ಈ ಸಲ ನಾನು ಎಲ್ಗೂ ಓಗಾಕಿಲ್ಲ."

ಕುಳಿತರು. ಗೋಡೆಯ ಮೇಲಿದ್ದ ಬಿಸಿಲು ಜಾರಿ ನೆಲಕ್ಕೆ ಬಂತು, ನೆಲದಿಂದ ಹೊಸ್ತಿಲಿಗೆ ಹೋಯಿತು. ಯಶೋದಮ್ಮ ಆ ಕೈಗೆ ಊರಿನ ಸುದ್ದಿ ಹೇಳಿದರು. ಯಾರ ಮದುವೆಯಾಯಿತು, ಯಾವ ಹಸು ಕರು ಹಾಕಿತು, ಯಾರು ಹೋದರು. ಬಿಸಿಲು ಹೊಸ್ತಿಲು ದಾಟಿದಾಗ ಬೆರಳುಗಳು ಒಂದೊಂದಾಗಿ ತೆರೆದುಕೊಂಡವು. ಅವು ಹಿಡಿದಿದ್ದ ಕಡೆ ನಾಲ್ಕು ನೀಲಿ ಗುರುತು ಮೂಡಿದ್ದವು.

ಬಸ್ ಸ್ಟಾಪಿನವರೆಗೆ ಜೊತೆಗೆ ಹೋದ ಉಷಾರಾಣಿ, "ಅದೇನು ಯಾಂಗ್ಚೆನ್ ಅದು?" ಎಂದು ಕೇಳಿದಳು.

"ನಲವತ್ತು ವರ್ಷ ಎದುರಿಗೇ ನೋಡಿದ ಕೈ ಅಲ್ವಾ ಅಕ್ಕ. ನೋಡಿ ನೋಡಿ ಮೈಗೆ ಬಂದಿರ್ತದೆ," ಎಂದ ಯಾಂಗ್ಚೆನ್, ಬಸ್ಸು ಕಾಣುವವರೆಗೆ ರಸ್ತೆಯನ್ನೇ ನೋಡುತ್ತಿದ್ದಳು. "ನಾನು ಓದಿರೋದು ಅಷ್ಟು ಯೇಳ್ತದೆ. ಮಿಕ್ಕಿದ್ದು ನಂಗೂ ಗೊತ್ತಿಲ್ಲ."

ಅವತ್ತಿನಿಂದ ಆ ಕೈ ಕೊರಳಿಗೆ ಹೋಗಿಲ್ಲ. ಗುಂಡಿ ಬಿಚ್ಚುವುದು ಕಡಿಮೆಯಾಗಿ ನಿಂತಿತು. ದೀಪಾವಳಿಯ ಹೊತ್ತಿಗೆ ಯಶೋದಮ್ಮ ಹಿಡಿಕಂಬಿ ಹಿಡಿದು ಒಬ್ಬರೇ ಸ್ನಾನ ಮಾಡಿದರು. ಯಾಂಗ್ಚೆನ್ ಈಗ ತಿಂಗಳಿಗೊಮ್ಮೆ ಬಂದು ಹೋಗುತ್ತಾಳೆ.

ಹೋದ ತಿಂಗಳು ಕೆ.ಆರ್. ನಗರದ ಕಡೆಯಿಂದ ಚಲುವರಾಜು ಎಂಬಾತ ಈ ಮನೆ ಹುಡುಕಿಕೊಂಡು ಬಂದ. ಅವನ ತಂದೆಗೂ ಲಕ್ವ ಹೊಡೆದಿತ್ತು, ಯಾರಿಗೆ ತೋರಿಸುವುದೆಂದು ತಿಳಿಯದೆ ಅಲೆಯುತ್ತಿದ್ದ. ಉಷಾರಾಣಿ ಅವನಿಗೆ, "ಓದಿರೋ ಸರ್ಟಿಫಿಕೇಟು ಮೊದ್ಲು ಕೇಳಿ. ಮನೆಗೆ ಬತ್ತಾರಾ ಕೇಳಿ. ಆಮೇಲೆ ಸುಮ್ನೆ ನೋಡ್ತಾ ಕುಂತ್ಕಳಿ, ಅವರು ನಿಮ್ಮ ಜೊತೆ ಮಾತಾಡ್ತಾರೋ ನಿಮ್ಮಪ್ಪನ ಜೊತೆ ಮಾತಾಡ್ತಾರೋ ಅಂತ," ಎಂದಳು.

"ಇವರಿಗೆ ಪೂರ್ತಿ ವಾಸಿಯಾಯ್ತಾ ಅಕ್ಕ?"

ಉಷಾರಾಣಿ ಒಳಗೆ ಕುಳಿತಿದ್ದ ಅತ್ತೆಯ ಕಡೆ ನೋಡಿದಳು. "ಅವರ ಕೆಲ್ಸ ಅವ್ರೇ ಮಾಡ್ಕತಾರೆ," ಎಂದಳಷ್ಟೆ.

ಚಲುವರಾಜು ಹೊರಡುವಾಗ ಯಶೋದಮ್ಮನಿಗೆ ಕೈಮುಗಿದ. ಅವರು ಬಲಗೈ ಎತ್ತಿ ಎದೆಯ ಮುಂದೆ ಹಿಡಿದು ಕಾದರು. ಎಡಗೈ ಮಡಿಲಿನಿಂದ ನಿಧಾನವಾಗಿ ಎದ್ದು, ಬಂದವನನ್ನು ಒಂದು ಗಳಿಗೆ ನೋಡುತ್ತಿದೆಯೋ ಎಂಬಂತೆ ನಡುವೆ ನಿಂತು, ಆಮೇಲೆ ಬಂದು ಜೊತೆಗೂಡಿತು.