ತಂಗಳು ನೀರಿನಲ್ಲಿಟ್ಟ ಲೆನ್ಸ್

ಆ ಬಟ್ಟಲು ಪಿಂಗಾಣಿಯದಿರಬೇಕು. ಹಿತ್ತಾಳೆಯದೂ ಆಗಿರಬಹುದು, ಈ ಒಂದು ವಿಷಯದಲ್ಲಿ ನನ್ನ ನೆನಪು ದಿನಕ್ಕೊಂದು ಮಾತು ಹೇಳುತ್ತದೆ. ಐವತ್ತರ ದಶಕದ ಕೊನೆ ಎಂಬುದು ಖಚಿತ. ರಸ್ತೆಯಲ್ಲಿ ಧೂಳಿತ್ತು, ಹಾಗಾಗಿ ಮಳೆ ಇನ್ನೂ ಹಿಡಿದಿರಲಿಲ್ಲ ಎಂದುಕೊಂಡಿದ್ದೇನೆ.

ನನ್ನ ಎಡಗಣ್ಣು ಚಿಕ್ಕಂದಿನಿಂದಲೇ ಮಂದ. ಬಲಗಣ್ಣಿನ ಮುಂಭಾಗ ಮೊನೆಯಾಗಿ ಉಬ್ಬುತ್ತಾ ಬಂದು ಕನ್ನಡಕ ಸಾಲದಾದಾಗ, ಮದ್ರಾಸಿನ ವೈದ್ಯರೊಬ್ಬರು ಅದಕ್ಕೆ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟರು. ಉಗುರಿಗಿಂತ ಚಿಕ್ಕದಾದ, ನೀರಿನಂತೆ ತಿಳಿಯಾದ ಪ್ಲಾಸ್ಟಿಕ್ ಚೂರು. ಅದಿಲ್ಲದಿದ್ದರೆ ಅಕ್ಷರಗಳು ಒಂದರ ಮೇಲೊಂದು ಬಿದ್ದಂತೆ ಕಾಣುತ್ತಿದ್ದವು. ಸೋಮವಾರ ಶಿಕಾರಿಪುರದ ಶಾಲೆಯೊಂದರಲ್ಲಿ ನಾನು ಕೆಲಸಕ್ಕೆ ಸೇರಬೇಕಿತ್ತು. ಅದಕ್ಕೆ ಮುಂಚೆ ಸೋದರತ್ತೆಗೆ ನಮಸ್ಕಾರ ಮಾಡಿ ಬರೋಣವೆಂದು ಸೊರಬಕ್ಕೆ ಹೋದೆ.

ಬಸ್ಸಿನ ಧೂಳು ಲೆನ್ಸಿನಡಿ ಸೇರಿತ್ತು. ಇಳಿಯುವಷ್ಟರಲ್ಲಿ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಸೋಪು ಹಚ್ಚಿ ಕೈ ತೊಳೆದು ನಾನು ಲೆನ್ಸ್ ತೆಗೆಯುವುದನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

“ಕಣ್ಣಿಗೆ ಕಸ ಬಿದ್ರೆ ನಾವು ತೆಗೀತೀವಿ. ನೀನು ಮದ್ರಾಸಿಗೆ ಹೋಗಿ ಹಾಕಿಸ್ಕೊಂಡು ಬಂದಿದೀಯಲ್ಲೇ ಮಾರಾಯ್ತಿ.”

“ಕಸ ಅಲ್ಲ ಅತ್ತೆ, ಇದೇ ನನ್ನ ಕಣ್ಣು.”

“ಹಂಗಾದ್ರೆ ಕೆಂಪಗಿರೋದು ಯಾರದ್ದೇ?”

ಲೆನ್ಸಿನ ಡಬ್ಬಿ ದಾರಿಯಲ್ಲಿ ಸೀಳಿಹೋಗಿತ್ತು. ಬಟ್ಟಲು ಕೊಟ್ಟವರು ಅತ್ತೆಯೇ, ನೀರು ಕುದಿಸಿ ಆರಿಸಿದವರೂ ಅವರೇ. ಲೆನ್ಸನ್ನು ಅದರಲ್ಲಿ ಬಿಟ್ಟು ಕಿಟಕಿಯಲ್ಲಿಟ್ಟು ತಟ್ಟೆ ಮುಚ್ಚಿದೆ. ವೈದ್ಯರು ಹೇಳಿದ್ದನ್ನೆಲ್ಲ ಅತ್ತೆಗೆ ಒಪ್ಪಿಸಿದೆ: ಹಾಕಿಕೊಂಡು ಮಲಗಬಾರದು, ಎಂಜಲು ತಾಗಿಸಬಾರದು, ಕಣ್ಣು ಕೆಂಪಿದ್ದರೆ ಮುಟ್ಟಲೇಬಾರದು.

“ಮತ್ತೆ ನಾಳೆ?”

“ನಾಳೆ ಹಾಕ್ಕೊಂಡೇ ಬಸ್ಸು ಹತ್ತಬೇಕು. ಓದಕ್ಕೆ ಬರದ ಮೇಷ್ಟ್ರನ್ನ ಯಾರು ಇಟ್ಕೋತಾರೆ ಅತ್ತೆ?”

ಅತ್ತೆ ಒದ್ದೆ ಬಟ್ಟೆ ಮಡಚಿ ನನ್ನ ಕಣ್ಣ ಮೇಲಿಟ್ಟರು.

ಅತ್ತೆಯ ಮನೆಯಲ್ಲಿ ರಾತ್ರಿ ಕಳೆದ ನೀರು ಬೆಳಗಿಗೆ ಉಳಿಯುವಂತಿರಲಿಲ್ಲ. ಕೊಡ, ಚೊಂಬು, ಲೋಟ, ಎಲ್ಲದರ ತಂಗಳು ನೀರನ್ನೂ ಬಸಳೆ ಬುಡಕ್ಕೆ ಚೆಲ್ಲಿ, ಬಾವಿಯಿಂದ ಹೊಸದು ತುಂಬಿದ ಮೇಲೆಯೇ ಒಲೆ ಹಚ್ಚುತ್ತಿದ್ದರು. ನಾನು ಎದ್ದಾಗ ಬಟ್ಟಲು ತೊಳೆದು ಬೋರಲು ಹಾಕಿತ್ತು.

ಬಸಳೆ ಬುಡದ ಒದ್ದೆ ಮಣ್ಣಿನಲ್ಲಿ ಹೊಳೆದದ್ದೆಲ್ಲ ನೀರ ಹನಿ. ಅತ್ತೆಯೂ ಮಂಡಿಯೂರಿ ಹುಡುಕಿದರು, ನನಗಿಂತ ಹೆಚ್ಚು ಹೊತ್ತು. “ಕೈ ರೂಢಿ ಕಣೇ,” ಎಂದರು. ಅಷ್ಟೇ.

ಸೋಮವಾರ ಹಳೆಯ ದಪ್ಪ ಕನ್ನಡಕದಲ್ಲಿ ಶಾಲೆಗೆ ಹೋದೆ. ಮಕ್ಕಳ ಕೈಲೇ ಪಾಠ ಓದಿಸಿ, ಕೇಳಿಸಿಕೊಂಡು ವಿವರಿಸಿದೆ. ಒಳ್ಳೆಯ ಕ್ರಮವೆಂದು ಮುಖ್ಯೋಪಾಧ್ಯಾಯರು ಮೆಚ್ಚಿದರು. ರಜೆ ಬರುವವರೆಗೂ ಯಾರಾದರೂ ನನಗೇ ಓದಲು ಹೇಳಿಯಾರೆಂಬ ಹೆದರಿಕೆಯಲ್ಲೇ ಕಳೆದೆ.

ಹೊಸ ಲೆನ್ಸಿಗೆಂದು ಮದ್ರಾಸಿಗೆ ಹೋದಾಗ ವೈದ್ಯರು ಬಲಗಣ್ಣಿನಲ್ಲಿ ಗೀರಿನ ಕಲೆ ಕಂಡರು. ಕೆಂಪಿದ್ದಾಗಲೇ ಮತ್ತೆ ಹಾಕಿದ್ದರೆ ಹುಣ್ಣಾಗಿ ಕಣ್ಣೇ ಹೋಗಬಹುದಿತ್ತು ಎಂದರು.

ಅಂದಿನಿಂದ ಬಟ್ಟಲು ನನ್ನನ್ನು ಬಿಟ್ಟಿಲ್ಲ. ಬಿಳಿ ಪಿಂಗಾಣಿಯಾದರೆ ಲೆನ್ಸ್ ಕಾಣಿಸುತ್ತಿರಲಿಲ್ಲ. ಹಿತ್ತಾಳೆಯಾದರೆ ಅಂಚು ಮಿಂಚಿರಬಹುದು. ಆದರೆ ತಟ್ಟೆಯನ್ನಂತೂ ಅವರು ತೆಗೆದೇ ಇರಬೇಕಲ್ಲ?

ಮುಂದಿನ ಸಲ ಸೊರಬಕ್ಕೆ ಹೋದಾಗ, ಅತ್ತೆ ಬಸಳೆ ಸೊಪ್ಪು ಕೊಯ್ಯುತ್ತಿದ್ದರು. ಹಿಂದೆ ನಿಂತು ಕೇಳಿದೆ:

“ಅತ್ತೆ, ಚೆಲ್ಲೋ ಮುಂಚೆ ಬಟ್ಟಲೊಳಗೆ ನೋಡಿದ್ರಾ?”